ಮೂಲೆಯಲ್ಲೊಂದು ಕೆಂಪು ಚುಕ್ಕೆ

2023ರ ಮಾರ್ಚ್ 9, ಗುರುವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಶಿನ್ಚು ನಗರದ ಆಸ್ಪತ್ರೆಯೊಂದರ ಎರಡನೆಯ ಮಹಡಿಯಲ್ಲಿ, ಫಾನ್ ತ್ಯೆನ್‌ಲು ಎಂಬ ಅರವತ್ತೊಂಬತ್ತು ವರ್ಷದ ಮನುಷ್ಯನ ದನಿ ಕಳುವಾಗಿರುವುದು ತಿಳಿದುಬಂತು. ಕಳುವು ಎಂಬ ಮಾತನ್ನು ಇಲ್ಲಿ ಯೋಚಿಸಿಯೇ ಬಳಸಲಾಗಿದೆ. ಆತನ ಗಂಟಲಿನ ಧ್ವನಿಪೆಟ್ಟಿಗೆಯನ್ನು ವೈದ್ಯರು ಹಿಂದಿನ ವರ್ಷ ಸೆಪ್ಟೆಂಬರ್ 13ರಂದು ತೆಗೆದುಹಾಕಿದ್ದು ಕಳುವಲ್ಲ. ಅಲ್ಲಿ ಗಡ್ಡೆ ಬೆಳೆದಿತ್ತು. ತೆಗೆಯದಿದ್ದರೆ ಮನುಷ್ಯನೇ ಉಳಿಯುತ್ತಿರಲಿಲ್ಲ. ಸಹಿ ಪಡೆದೇ ತೆಗೆದರು. ಕಳುವಾದದ್ದು, ಆ ಶಸ್ತ್ರಚಿಕಿತ್ಸೆಗೆ ಮುನ್ನ ಹನ್ನೊಂದು ದಿನ ಕುಳಿತು ಆತ ಆಡಿ ದಾಖಲಿಸಿಟ್ಟ ಆರು ಗಂಟೆ ನಲವತ್ತೆರಡು ನಿಮಿಷಗಳ ಮಾತು.

ಆ ಕೋಣೆಯಲ್ಲಿದ್ದವರು ಮೂವರು: ತ್ಯೆನ್‌ಲು, ಆತನ ಹೆಂಡತಿ ಪೆಂಗ್ ಚಿನ್‌ಮೇ, ಮತ್ತು ಮಾತಿನ ತರಬೇತಿ ಕೊಡುವ ತು ಎಂಬ ಯುವತಿ. ಗಂಟಲು ಕಳೆದುಕೊಂಡವರ ಹಳೆಯ ಧ್ವನಿಮುದ್ರಣವನ್ನು ಯಂತ್ರಕ್ಕೆ ಕೇಳಿಸಿ, ಮುಂದೆ ಅವರು ಬೆರಳಿನಿಂದ ಒತ್ತಿದ ಮಾತನ್ನು ಅವರದೇ ದನಿಯಲ್ಲಿ ಆಡಿಸುವ ಏರ್ಪಾಡೊಂದು ಆಸ್ಪತ್ರೆಗೆ ಆಗಷ್ಟೇ ಬಂದಿತ್ತು. ಅದಕ್ಕೆ ಕನಿಷ್ಠ ಅರ್ಧ ಗಂಟೆಯ ಸ್ಪಷ್ಟ ಮಾತು ಬೇಕು. ಬಹುಪಾಲು ರೋಗಿಗಳ ಬಳಿ ಮದುವೆಮನೆಯ ವಿಡಿಯೊದಲ್ಲಿ ಕೂಗಿದ ನಾಲ್ಕು ಮಾತು ಬಿಟ್ಟರೆ ಏನೂ ಇರುವುದಿಲ್ಲ. ಚಿನ್‌ಮೇಯ ಕೈಚೀಲದಲ್ಲಿ ಬೇಕಾದುದರ ಹದಿಮೂರು ಪಟ್ಟಿಗೂ ಹೆಚ್ಚಿತ್ತು, ಅಥವಾ ಇದೆಯೆಂದು ಆಕೆ ನಂಬಿದ್ದಳು. ಕಿರುಬೆರಳಷ್ಟೂ ಉದ್ದವಿಲ್ಲದ, ತಿಳಿನೀಲಿ ಬಣ್ಣದ ಪೆನ್‌ಡ್ರೈವನ್ನು ಆಕೆ ಎರಡು ಕೈಗಳಿಂದ ಮುಂದೆ ಚಾಚಿದಳು.

ತು ಅದನ್ನು ಕಂಪ್ಯೂಟರಿಗೆ ಚುಚ್ಚಿದಳು. ತೆಗೆದಳು. ಇನ್ನೊಂದು ಕಿಂಡಿಗೆ ಚುಚ್ಚಿದಳು. ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಪರದೆ ಕೇಳಿತು.

"ಒತ್ತಬೇಡಮ್ಮ," ಎಂದಳು ಚಿನ್‌ಮೇ. ದನಿ ಎತ್ತಲಿಲ್ಲ. "ಯಾವುದನ್ನೂ ಒತ್ತಬೇಡ. ಮೆತ್ತಗೆ ತೆಗೆದು ನನ್ನ ಕೈಗೆ ಕೊಡು."

"ಇನ್ನೊಂದು ಕಾಪಿ ಇಟ್ಟಿರ್ತೀರಲ್ಲ, ಚಿಕ್ಕಮ್ಮ?"

ತ್ಯೆನ್‌ಲು ಕೊರಳಿಗೆ ನೇತುಹಾಕಿಕೊಂಡಿದ್ದ ಪುಟ್ಟ ಬಿಳಿಹಲಗೆಯ ಮೇಲೆ ಬರೆದು ಹುಡುಗಿಯ ಕಡೆ ತಿರುಗಿಸಿದ: "ಎರಡು ಕಾಪಿ ಇಟ್ಕೊಳ್ರೋ ಅಂತ ಇಡೀ ಊರಿಗೆ ಪಾಠ ಹೇಳಿದೋಳು ಇವಳೇ."

ತು ನಗಲು ಹೋಗಿ, ಚಿನ್‌ಮೇಯ ಮುಖ ನೋಡಿ ನಿಲ್ಲಿಸಿದಳು.

ಬಿಳಿಹಲಗೆಯ ಮೇಲಿದ್ದುದು ನಿಜ. ಪೆಂಗ್ ಚಿನ್‌ಮೇ ಹುಕೌ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ 1989ರ ಜುಲೈಯಿಂದ 2019ರ ಜನವರಿ 31ರವರೆಗೆ, ಎಂದರೆ ಮೂವತ್ತು ವರ್ಷಕ್ಕೆ ಆರು ತಿಂಗಳು ಕಡಿಮೆ, ದುಡಿದಳು. ಅಲ್ಲಿ ದುಡಿದವರು ಅದನ್ನು ಅದರ ಫಲಕದ ಮೇಲಿನ ಹೆಸರಿನಿಂದ ಕರೆಯುವುದಿಲ್ಲ. 'ಮೂರನೇ ಬೀದಿ' ಎನ್ನುತ್ತಾರೆ. ಇಲ್ಲಿಯೂ ಹಾಗೆಯೇ ಬರೆಯಲಾಗುವುದು. ಅಲ್ಲಿ ತಯಾರಾಗುವುದು ನೆನಪಿಟ್ಟುಕೊಳ್ಳುವ ಚಿಪ್. ಕಡೆಯ ಹದಿನೇಳು ವರ್ಷ ಆಕೆ ಕುಳಿತದ್ದು ಕಡೆಯ ತಪಾಸಣೆಯ ಮೇಜಿನಲ್ಲಿ.

ಆ ಮೇಜಿನ ಕೆಲಸ ಹೇಳಲು ಸುಲಭ. ಚಿಪ್‌ಗಳಲ್ಲಿ ಏನನ್ನಾದರೂ ಬರೆದು, ಬಿಸಿ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಬೇಯಿಸಿ, ಹೊರತೆಗೆದು, ಬರೆದದ್ದು ಉಳಿದಿದೆಯೇ ಎಂದು ಯಂತ್ರ ನೋಡುತ್ತದೆ. ಬರೆದದ್ದನ್ನು ಹಿಡಿದಿಟ್ಟುಕೊಳ್ಳಲಾರದ ಚಿಪ್‌ನ ಸಂಖ್ಯೆಯನ್ನು ಅದು ಚೀಟಿಯಲ್ಲಿ ಮುದ್ರಿಸಿ ಕೊಡುತ್ತದೆ. ಮೇಜಿನಲ್ಲಿ ಕುಳಿತವಳು ಆ ಚಿಪ್ಪನ್ನು ಚಿಮಟದಿಂದ ಎತ್ತಿ, ಭೂತಗನ್ನಡಿಯ ಕೆಳಗೆ ಹಿಡಿದು, ಕುಂಚದಿಂದ ಒಂದು ಮೂಲೆಗೆ ಕೆಂಪು ಅರಗುಬಣ್ಣದ ಚುಕ್ಕೆ ಇಟ್ಟು, ಕೆಂಪು ಪೆಟ್ಟಿಗೆಗೆ ಹಾಕಬೇಕು. ಕೆಂಪು ಪೆಟ್ಟಿಗೆ ತುಂಬಿದಾಗ ಬೀಗ ಹಾಕಿ ಪುಡಿಯಂತ್ರಕ್ಕೆ ಕಳಿಸುತ್ತಾರೆ. ಚುಕ್ಕೆಯಿಟ್ಟ ಚಿಪ್ ಮತ್ತೆ ಲೋಕಕ್ಕೆ ಬರಕೂಡದು. ಇದು ನಿಯಮ.

ಮೇಜಿಗೆ ನಾಲ್ವರು ಹೆಂಗಸರು. ಯಾರ ಕೈತಪ್ಪು ಎಂದು ತಿಳಿಯುವುದಕ್ಕಾಗಿ ನಾಲ್ವರಿಗೂ ಒಂದೊಂದು ಮೂಲೆ. ಚಿಪ್‌ನ ಒಂದು ತುದಿಯಲ್ಲಿ ಗುರುತಿನ ಸಣ್ಣ ಗುಳಿಯಿರುತ್ತದೆ. ಅದಕ್ಕೆ ಎದುರಾದ ಮೂಲೆ ಚಿನ್‌ಮೇಯದು. ಆಕೆ ಕುಂಚವನ್ನು ಒತ್ತಿ ಹಿಡಿಯುತ್ತಿದ್ದಳು. ಬಣ್ಣ ಮೂಲೆಯಿಂದ ಇಳಿದು ಪಕ್ಕದ ಅಂಚಿಗೂ ಹರಿಯುತ್ತಿತ್ತು. "ಚುಕ್ಕೆ ಇಡು ಅಂದ್ರೆ ಗೋಡೆಗೆ ಸುಣ್ಣ ಬಳೀತೀಯಲ್ಲೇ," ಎಂದು ಮೇಲ್ವಿಚಾರಕ ಬೈಯುತ್ತಿದ್ದ. ಬಣ್ಣ ಹೆಚ್ಚು ಖರ್ಚು ಮಾಡಿದ್ದಕ್ಕೆ ಎರಡು ಸಲ ಲಿಖಿತ ಎಚ್ಚರಿಕೆಯೂ ಬಂದಿದೆ. ಆಕೆ ಅಭ್ಯಾಸ ಬಿಡಲಿಲ್ಲ. ಹದಿನೇಳು ವರ್ಷಗಳ ಆ ಭೂತಗನ್ನಡಿ ಆಕೆಯ ಕಣ್ಣು ತಿಂದಿತು. ಈಗಲೂ ಮಧ್ಯಾಹ್ನದ ಹೊತ್ತಿಗೆ ಬಲಗಣ್ಣಿನಲ್ಲಿ ನೀರು ಸುರಿಯಲು ತೊಡಗುತ್ತದೆ. ಆಕೆ ಒರೆಸಿಕೊಳ್ಳುವುದನ್ನೂ ಬಿಟ್ಟಿದ್ದಾಳೆ.

ತ್ಯೆನ್‌ಲುವಿನ ಕಸುಬು ಬೇರೆ. ಆತ ಸಣ್ಣ ನೀಲಿ ಲಾರಿಯಲ್ಲಿ ಹುಕೌ, ಶಿನ್‌ಪು, ಕ್ವಾನ್‌ಶೀಯ ಬೀದಿಗಳನ್ನು ಸುತ್ತಿ, ಮನೆಮನೆಯ ಕಿಟಕಿಗಳಿಗೆ ಸೊಳ್ಳೆಜಾಲರಿ ಹಾಕಿಕೊಡುತ್ತಿದ್ದ. ಈ ಕಸುಬಿನವರೆಲ್ಲ ಒಂದೇ ಹೆಂಗಸಿನ ಕೂಗನ್ನು ಅಂಗಡಿಯಿಂದ ಕೊಂಡು ಲಾರಿಯ ಧ್ವನಿವರ್ಧಕದಲ್ಲಿ ಹಾಕಿಕೊಳ್ಳುತ್ತಾರೆ. ತ್ಯೆನ್‌ಲು ಮಾತ್ರ ತನ್ನದೇ ಕೂಗನ್ನು ಹಕ್ಕಾ ನುಡಿಯಲ್ಲಿ ದಾಖಲಿಸಿ, ಸಂತೆಯಲ್ಲಿ ಕೊಂಡ ಒಂದು ಪೆನ್‌ಡ್ರೈವಿಗೆ ಹಾಕಿ, ಹತ್ತು ವರ್ಷ ಅದನ್ನೇ ಮೊಳಗಿಸಿದ: "ಜಾಲರಿ ಹರಿದಿದೆಯೇ? ಗಾಲಿ ಕಳಚಿದೆಯೇ? ಸೊಳ್ಳೆ ಹೊರಗಿರಲಿ, ಗಾಳಿ ಒಳಗೆ ಬರಲಿ! ಅಜ್ಜಿ ಕರೆದರೆ ಲಾರಿ ನಿಲ್ಲುತ್ತದೆ, ತಾತ ಕರೆದರೆ ಚೌಕಾಸಿ ಇಲ್ಲ!" ಮುದುಕರು ಕಿಟಕಿಯಿಂದಲೇ ಬಾಯಿಗೆ ಬಾಯಿ ಕೊಟ್ಟು ಜಗಳವಾಡಿ ಆತನನ್ನು ನಿಲ್ಲಿಸುತ್ತಿದ್ದರು. ಆತನ ದನಿಯೇ ಆತನ ಬಂಡವಾಳ.

2022ರ ಆಗಸ್ಟ್ ಮೂರನೆಯ ವಾರ ವೈದ್ಯರು ದಿನಾಂಕ ಗೊತ್ತುಮಾಡಿದರು. ಚಿನ್‌ಮೇ ಅತ್ತು ಕೂರಲಿಲ್ಲ. ಊರಿನ ವಾಚನಾಲಯದಿಂದ ಧ್ವನಿಮುದ್ರಣದ ಯಂತ್ರವೊಂದನ್ನು ಎರವಲು ತಂದಳು. ಆಗಸ್ಟ್ 30ರಿಂದ ಸೆಪ್ಟೆಂಬರ್ 9ರವರೆಗೆ ದಿನಾಲೂ ಊಟವಾದ ಮೇಲೆ ಮೇಜಿನ ಮೇಲೆ ಅದನ್ನಿಟ್ಟು ಗಂಡನನ್ನು ಕೂರಿಸಿದಳು.

"ಏನ್ ಹೇಳ್ಲಿ?" ಎಂದ ಆತ ಮೊದಲ ದಿನ. ದನಿ ಆಗಲೇ ಸ್ವಲ್ಪ ಒಡೆದಿತ್ತು.

"ಬಾಯಿಗೆ ಬಂದಿದ್ದು ಹೇಳು. ನಲವತ್ತೈದು ವರ್ಷದಿಂದ ಬಾಯಿ ಮುಚ್ಚು ಅಂದ್ರೂ ಮುಚ್ಚಿಲ್ಲ, ಇವತ್ತೇನು ನಾಚಿಕೆ?"

"ಪೆಂಗ್ ಚಿನ್‌ಮೇಯ ಅಡುಗೆಯಲ್ಲಿ ಉಪ್ಪು ಜಾಸ್ತಿ. ಇದನ್ನ ಬರ್ಕೊಳ್ತಾ ಯಂತ್ರ?"

"ಬರ್ಕೊಳ್ತು, ಮುದಿಕೋತಿ. ನೀನು ಸತ್ ಮೇಲೂ ದಿನಾ ಹಾಕಿ ಕೇಳ್ತೀನಿ, ಇನ್ನಷ್ಟು ಉಪ್ಪು ಹಾಕ್ತೀನಿ."

ಹೀಗೆ ಶುರುವಾದದ್ದು ಹನ್ನೊಂದು ದಿನ ನಡೆಯಿತು. ತಾನು ಹುಟ್ಟಿದ ಚಹಾದ ಗುಡ್ಡದ ಹಳ್ಳಿ, ಸೈನ್ಯದ ಎರಡು ವರ್ಷ, ಮೊದಲ ಲಾರಿ ಹಳ್ಳಕ್ಕೆ ಬಿದ್ದದ್ದು, ಇಬ್ಬರು ಹೆಣ್ಣುಮಕ್ಕಳ ಹೆಸರನ್ನು ಯಾಕೆ ಹಾಗಿಟ್ಟದ್ದು, ಈಗ ಯಾರೂ ಆಡದ ಹಕ್ಕಾ ಬೈಗುಳಗಳು ಅರ್ಥಸಮೇತ ಮೂವತ್ತಾರು. ಹತ್ತನೆಯ ದಿನ ಆತ ಹೆಂಡತಿಯ ಹೆಸರನ್ನು ಬೇರೆ ಬೇರೆ ರೀತಿಯಲ್ಲಿ ಕರೆದ: ಹಸಿವಾದಾಗ ಕರೆಯುವಂತೆ, ಸಿಟ್ಟಿನಲ್ಲಿ ಕರೆಯುವಂತೆ, ಸಾಮಾನು ಸಿಗದಾಗ ಕರೆಯುವಂತೆ, ಏನೂ ಇಲ್ಲದೆ ಸುಮ್ಮನೆ ಕರೆಯುವಂತೆ. "ಮುಂದಕ್ಕೆ ಬೇಕಾದದ್ದನ್ನ ಆರಿಸ್ಕೋ," ಎಂದ. ಸೆಪ್ಟೆಂಬರ್ 10 ಶರತ್ಕಾಲದ ಹುಣ್ಣಿಮೆ ಹಬ್ಬ. ಮಕ್ಕಳು ಬಂದರು, ಚಕ್ಕೋತ ಸುಲಿದರು, ಅಂಗಳದಲ್ಲಿ ಮಾಂಸ ಸುಟ್ಟರು. ಅಂದು ಯಂತ್ರ ಇಡಲಿಲ್ಲ.

ಇನ್ನು ಆ ಪೆನ್‌ಡ್ರೈವನ್ನು ಆಯ್ದ ಬಗೆ. ಇದನ್ನು ಸರಿಯಾಗಿ ಹೇಳಬೇಕು, ಯಾಕೆಂದರೆ ಚಿನ್‌ಮೇ ತನ್ನನ್ನು ಇಂದಿಗೂ ಕ್ಷಮಿಸಿಕೊಳ್ಳದಿರುವುದು ಇದೊಂದು ವಿಷಯದಲ್ಲಿ.

ಇಲ್ಲಿನ ನಿವೃತ್ತ ಹೆಂಗಸರು ಕಂಪನಿಗಳ ಒಂದೊಂದೇ ಷೇರು ಕೊಂಡಿಟ್ಟುಕೊಳ್ಳುವುದು ರೂಢಿ. ಲಾಭಾಂಶಕ್ಕಲ್ಲ, ಉಡುಗೊರೆಗೆ. ಬೇಸಿಗೆಯ ವಾರ್ಷಿಕ ಸಭೆಗೆ ಮುನ್ನ ಕಂಪನಿಯ ಕರೆಯೋಲೆ ಬರುತ್ತದೆ. ಅದನ್ನು ಬೀದಿಯ ಸಂಗ್ರಹದ ಅಂಗಡಿಗೆ ಕೊಟ್ಟರೆ ಮತ ಅವರ ಪಾಲು, ಸಾಮಾನು ನಮ್ಮ ಪಾಲು. ಪಾತ್ರೆ ತೊಳೆಯುವ ದ್ರವ, ಟವೆಲ್, ಕೊಡೆ, ಬಟ್ಟಲು. ಚಿನ್‌ಮೇಗೆ ಅರವತ್ತಮೂರು ಕಂಪನಿಗಳಲ್ಲಿ ಒಂದೊಂದು ಷೇರು. ಮನೆಗೆ ಸಾಬೂನು ಕೊಂಡು ಏಳು ವರ್ಷವಾಗಿತ್ತು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹದಿನಾಲ್ಕು ಪೆನ್‌ಡ್ರೈವ್‌ಗಳಿದ್ದವು: ಬೀಗದಕೈ ಆಕಾರದ್ದು, ಬಿದಿರಿನ ಹೊದಿಕೆಯದು, ಬೆಕ್ಕಿನ ತಲೆ ಕಿತ್ತರೆ ಚುಚ್ಚುವ ಮೂತಿ ಕಾಣುವಂಥದ್ದು.

ಆ ದಿನ ಜೊತೆಗಿದ್ದವಳು ಚಾನ್ ಯೂಜ್ಯಾವ್. ಮೂರನೇ ಬೀದಿಯಲ್ಲಿ ಅದೇ ಮೇಜಿನಲ್ಲಿ ಹನ್ನೆರಡು ವರ್ಷ ಪಕ್ಕದಲ್ಲಿ ಕುಳಿತವಳು. ಕಡೆಯ ಎರಡು ವರ್ಷ ಸರಕು ಸಾಗಣೆಯ ಕೌಂಟರಿಗೆ ವರ್ಗವಾಗಿದ್ದಳು. ಇಬ್ಬರೂ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ಚಿನ್‌ಮೇ ಒಂದೊಂದನ್ನೇ ಅಂಗೈಯಲ್ಲಿ ತೂಗಿದಳು. ಮೂತಿಯ ತಗಡಿನ ಸೇರಿಕೆಯಲ್ಲಿ ಉಗುರಾಡಿಸಿದಳು, ಸಡಿಲವಿದ್ದದ್ದು ಬದಿಗೆ. ಹೊದಿಕೆ ಒತ್ತಿದರೆ ಕಿರುಗುಟ್ಟಿದ್ದು ಬದಿಗೆ. ಬೆಕ್ಕಿನ ತಲೆ ನೋಡದೆಯೇ ಬದಿಗೆ.

"ಅಂಗಡಿಯಲ್ಲಿ ಇನ್ನೂರ ತೊಂಬತ್ತೊಂಬತ್ತು ಯುಆನ್‌ಗೆ ಒಳ್ಳೇದು ಸಿಗುತ್ತಲ್ಲೇ ಮೇ ಅಕ್ಕ," ಎಂದಳು ಯೂಜ್ಯಾವ್.

"ಹದಿನಾಲ್ಕು ಮನೇಲಿಟ್ಕೊಂಡು ಹದಿನೈದನೇದು ಕೊಳ್ಳೋದಾ?" ಚಿನ್‌ಮೇ ತಿಳಿನೀಲಿಯದನ್ನು ಎತ್ತಿಹಿಡಿದಳು. ಅದು ಆ ಜೂನ್‌ನಲ್ಲಿ ಮೂರನೇ ಬೀದಿಯೇ ಷೇರುದಾರರಿಗೆ ಕೊಟ್ಟದ್ದು. "ಇದು ನಮ್ಮನೇದು. ನಮ್ಮ ಮೇಜು ದಾಟಿ ಬಂದಿದ್ದು. ನಮ್ಮ ಕೈ ಬಿಟ್ಟು ಇನ್ಯಾರ ಕೈ ನಂಬ್ಲಿ?"

ಯೂಜ್ಯಾವ್ ಏನನ್ನೋ ಹೇಳಲು ಬಾಯಿ ತೆರೆದು, ಚಹಾ ಕುಡಿದಳು. ಚಿನ್‌ಮೇಗೆ ಅದು ಆರು ತಿಂಗಳ ನಂತರ ನೆನಪಾಯಿತು.

ದಾಖಲೆಯನ್ನು ತಿಳಿನೀಲಿಗೆ ಇಳಿಸಿ, ಆರಂಭ, ನಡು, ಕೊನೆ ಕೇಳಿ ನೋಡಿದಳು. ಎಲ್ಲ ಸರಿಯಿತ್ತು. ವಾಚನಾಲಯದ ಯಂತ್ರವನ್ನು ಖಾಲಿ ಮಾಡಿ ಹಿಂತಿರುಗಿಸಬೇಕು ಎಂಬುದು ಅದರ ಮೇಲೆ ಅಂಟಿಸಿದ್ದ ಸೂಚನೆ; ಖಾಲಿ ಮಾಡಿ ಹಿಂತಿರುಗಿಸಿದಳು. ಕಾರ್ಖಾನೆಯಲ್ಲಿ ಯಂತ್ರಗಳು ಹಟ ಮಾಡದಿರಲೆಂದು ಅವುಗಳ ತಲೆಯ ಮೇಲೆ ಹಸಿರು ಪೊಟ್ಟಣದ ಜೋಳದ ಕುರುಕಲು ಇಡುತ್ತಿದ್ದರು. ಆಕೆ ಅಂಥದೊಂದನ್ನು, ದಿನಾಂಕ ಮೀರದ್ದನ್ನೇ ನೋಡಿ ತಂದು, ಬಿಸ್ಕತ್ತಿನ ಡಬ್ಬಿಯ ಮೇಲಿಟ್ಟಳು. ಆ ಸಂಜೆ ತ್ಯೆನ್‌ಲು ಅದನ್ನು ತಿಂದು, ಖಾಲಿ ಪೊಟ್ಟಣಕ್ಕೆ ಗಾಳಿ ತುಂಬಿ ಮತ್ತೆ ಅಲ್ಲಿಯೇ ಇಟ್ಟದ್ದು ಬೇರೆ ಮಾತು.

ಮಾರ್ಚ್ 9ರಂದು ತು ಬಳಿಯಿಂದ ಮರಳಿದ ಮೇಲೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಮಾತಾಡಬಲ್ಲವಳು ಒಬ್ಬಳೇ, ಆಕೆ ಆಡಲಿಲ್ಲ. ತ್ಯೆನ್‌ಲು ಪೊಟ್ಟಣದ ಕಡೆ ಬೆರಳು ಮಾಡಿ, ತಪ್ಪು ತನ್ನದೆಂದು ಎದೆ ಮುಟ್ಟಿ ತೋರಿಸಿದ. ಚಿನ್‌ಮೇ ನಗಲಿಲ್ಲ. ಮರುದಿನ ಶಿನ್ಚುವಿನಲ್ಲಿ ಅಳಿದ ದಾಖಲೆ ಹುಡುಕಿಕೊಡುವ ಅಂಗಡಿಗೆ ಹೋದಳು. ಅಲ್ಲಿನವನು ಮೂರು ದಿನ ಇಟ್ಟುಕೊಂಡು ಹಿಂದಕ್ಕೆ ಕೊಟ್ಟ. "ಅಳಿಸಿದ್ದಾದ್ರೆ ತೆಗೀಬಹುದಿತ್ತು ಚಿಕ್ಕಮ್ಮ. ಇದು ಅಳಿಸಿದ್ದಲ್ಲ, ಸೋರಿ ಹೋಗಿದ್ದು. ತೂತಿನ ಬಕೆಟ್ಟು. ಇಷ್ಟು ಕೆಟ್ಟ ಚಿಪ್ ಎಲ್ಲಿ ಸಿಕ್ತು ನಿಮಗೆ?"

ಎಲ್ಲಿ ಸಿಕ್ಕಿತು ಎಂಬುದನ್ನು ನೋಡಲು ಆಕೆ ತನ್ನ ಹಳೆಯ ಭೂತಗನ್ನಡಿಯನ್ನು ಅಟ್ಟದಿಂದ ಇಳಿಸಿದಳು. ನಿವೃತ್ತಿಯ ದಿನ ಗೆಳತಿಯರು ಹಣ ಕೂಡಿಸಿ ಕೊಟ್ಟದ್ದದು; ಅಂದು ಇದೆಂಥ ಉಡುಗೊರೆ ಎಂದು ಬೇಸರಪಟ್ಟಿದ್ದಳು. ಮಾರ್ಚ್ 14ರ ಬೆಳಗ್ಗೆ, ಕಣ್ಣಿನಲ್ಲಿ ನೀರು ಬರಲು ತೊಡಗುವ ಮೊದಲೇ, ಕಿಟಕಿಯ ಬಳಿ ಕುಳಿತು ತಿಳಿನೀಲಿ ಹೊದಿಕೆಯನ್ನು ಚಾಕುವಿನಿಂದ ಬಿಡಿಸಿದಳು. ಚಿಪ್‌ನ ಮೇಲ್ಮೈಯನ್ನು ಯಾರೋ ನಯವಾಗಿ ಉಜ್ಜಿ, ಹೊಸ ಅಕ್ಷರ ಮುದ್ರಿಸಿದ್ದರು. ಹಳೆಯದೇನೂ ಕಾಣುತ್ತಿರಲಿಲ್ಲ. ಆಕೆ ಅದನ್ನು ಓರೆಯಾಗಿ ಹಿಡಿದಳು. ಗುಳಿಗೆ ಎದುರಾದ ಮೂಲೆಯಲ್ಲಿ, ಉಜ್ಜುವವನ ಕೈ ತಲಪದ ಪಕ್ಕದ ಅಂಚಿನಲ್ಲಿ, ಅರಗುಬಣ್ಣದ ಕೆಂಪು ಗೆರೆಯೊಂದು ಕೆಳಕ್ಕೆ ಹರಿದಿತ್ತು.

ಗೋಡೆಗೆ ಸುಣ್ಣ ಬಳಿದ ಹಾಗೆ.

ಇದನ್ನು ಬೇಡವೆಂದು ತಳ್ಳಿದವಳು ತಾನೇ. ಬರೆದದ್ದನ್ನು ಇದು ಹಿಡಿದಿಟ್ಟುಕೊಳ್ಳುವುದಿಲ್ಲವೆಂದು ತನ್ನ ಕೈಯಿಂದಲೇ ಗುರುತು ಹಾಕಿ ಕೆಂಪು ಪೆಟ್ಟಿಗೆಗೆ ಹಾಕಿದ್ದಳು. ಅದೇ ಚಿಪ್ ವೇಷ ಹಾಕಿಕೊಂಡು ಬಂದು ಮನೆಯ ಬಾಗಿಲು ತಟ್ಟಿದಾಗ, ನಮ್ಮನೇದು ಎಂದು ಒಳಗೆ ಕರೆದಿದ್ದಳು. ಉಳಿದ ಹದಿಮೂರರಲ್ಲಿ ಯಾವುದನ್ನು ಆರಿಸಿದ್ದರೂ, ಬೆಕ್ಕಿನ ತಲೆಯನ್ನೇ ಆರಿಸಿದ್ದರೂ, ಗಂಡನ ದನಿ ಉಳಿಯುತ್ತಿತ್ತೋ ಏನೋ. ತ್ಯೆನ್‌ಲು ಬಂದು ಭುಜದ ಮೇಲಿಂದ ಬಗ್ಗಿ ನೋಡಿ, ಹಲಗೆಯ ಮೇಲೆ ಬರೆದ: "ನಿನ್ನ ಸಹಿ."

ಯೂಜ್ಯಾವ್‌ಳನ್ನು ಕರೆಸಲಾಯಿತು. ಆಕೆ ಅಕ್ಕಿಯ ಅಗಲ ಶಾವಿಗೆ ಕಟ್ಟಿಸಿಕೊಂಡು ಬಂದಿದ್ದಳು; ಭೂತಗನ್ನಡಿಯೊಳಗೆ ನೋಡಿದ ಮೇಲೆ ಯಾರೂ ಪೊಟ್ಟಣ ಬಿಚ್ಚಲಿಲ್ಲ.

"ಮೇ ಅಕ್ಕ, ಬೈಬೇಡ."

"ಬೈಯೋಕೆ ಶಕ್ತಿ ಇಲ್ಲ. ಹೇಳು."

"2018ರ ಬೇಸಿಗೆಯಿಂದ ಕೆಂಪು ಪೆಟ್ಟಿಗೆ ಪುಡಿಯಂತ್ರಕ್ಕೆ ಹೋಗ್ಲಿಲ್ಲ. ಬೇರೆ ಲಾರಿ ಬರೋದು. ಪುಡಿ ಮಾಡೋ ಕೆಲ್ಸ ಹೊರಗಿನೋರಿಗೆ ಕೊಟ್ಟಿದೀವಿ ಅಂದ್ರು. ಸಾಗಣೆ ಚೀಟಿಗೆ ನಾಲ್ಕು ಸಹಿ. ನಾಲ್ಕನೇದು ನಂದು."

"ಆ ಲಾರಿ ಎಲ್ಲಿಗೆ ಹೋಗುತ್ತೆ ಅಂತ ಕೇಳ್ಲಿಲ್ವಾ?"

"ಡ್ರೈವರ್‌ನ ಕೇಳ್ದೆ. ಗಿಫ್ಟ್ ಸಾಮಾನು ಮಾಡೋ ಕಡೆಗೆ ಅಂದ. ನನಗೆ ಇನ್ನು ಏಳು ತಿಂಗಳಿತ್ತು ಪಿಂಚಣಿಗೆ." ಯೂಜ್ಯಾವ್ ಮೇಜಿನ ಅಂಚನ್ನು ಒರೆಸುತ್ತಲೇ ಇದ್ದಳು. "ಆವತ್ತು ಡಬ್ಬಿ ಸುರಿದಾಗ ಹೇಳೋಣ ಅಂತಿದ್ದೆ. ಎಲ್ಲಾನೂ ಹಾಗಿರಲ್ಲ ಅಂದ್ಕೊಂಡೆ. ಅಂದ್ಕೊಂಡು ಚಹಾ ಕುಡಿದೆ."

ಚಿನ್‌ಮೇ ಆಕೆಯನ್ನು ಮನೆಯಿಂದ ಕಳಿಸಲಿಲ್ಲ. ಸಾಂತ್ವನವನ್ನೂ ಹೇಳಲಿಲ್ಲ. "ಶಾವಿಗೆ ತಣ್ಣಗಾಗ್ತಿದೆ," ಎಂದಷ್ಟೇ ಹೇಳಿದಳು.

ಮಾರ್ಚ್ 16ರಂದು ಕಂಪನಿಯ ಷೇರುದಾರರ ಸೇವೆಗೆ ದೂರವಾಣಿ ಮಾಡಿದಳು. ಇಪ್ಪತ್ತಾರು ನಿಮಿಷ ಸಂಗೀತ ಕೇಳಿದ ಮೇಲೆ ಒಂದು ಹೆಣ್ಣುದನಿ ಸಿಕ್ಕಿತು.

"ಉಡುಗೊರೆಗೆ ಗ್ಯಾರಂಟಿ ಇರಲ್ಲ, ಚಿಕ್ಕಮ್ಮ. ಪೊಟ್ಟಣದ ಹಿಂದೆ ಬರೆದಿರುತ್ತೆ."

"ನಾನು ಗ್ಯಾರಂಟಿ ಕೇಳ್ತಿಲ್ಲ. ಪುಡಿ ಆಗ್ಬೇಕಾದ ಚಿಪ್ ಹೊರಗೆ ಹೇಗೆ ಬಂತು ಅಂತ ಕೇಳ್ತಿದೀನಿ."

"ಈ ವರ್ಷ ಒಳ್ಳೇ ಕೊಡೆ ಕೊಡ್ತಿದೀವಿ. ನಿಮಗೆ ಎರಡು ಕಳಿಸ್ಲಾ? ಬಿಸಿಲಿಗೂ ಆಗುತ್ತೆ."

ಮಾರ್ಚ್ 17, 23, ಏಪ್ರಿಲ್ 6. ಪ್ರತಿ ಸಲವೂ ಬೇರೆ ದನಿ. ಕೊಡೆ ಮಾತ್ರ ಅದೇ. ನಾಲ್ಕನೆಯ ಕರೆಯಾದ ಮೇಲೆ ಚಿನ್‌ಮೇ ದೂರವಾಣಿ ಕೆಳಗಿಟ್ಟು, ನೀರು ಸುರಿಯುವ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದಳು. ಸಾಕು ಅನ್ನಿಸಿತ್ತು. ಹೋದದ್ದು ಹೋಯಿತು. ಅರವತ್ತೆಂಟನೆಯ ವಯಸ್ಸಿನಲ್ಲಿ ಯಾರ ಮೇಲೆ ಯುದ್ಧ?

ಏಪ್ರಿಲ್ 18, ಮಂಗಳವಾರ, ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಆಕೆ ಹಿತ್ತಲಲ್ಲಿ ಸಾಸಿವೆಸೊಪ್ಪು ಒಣಹಾಕುತ್ತಿದ್ದಾಗ, ಮುಂದಿನ ಬೀದಿಯಿಂದ ಗಂಡ ಕೂಗಿದ: "ಸೊಳ್ಳೆ ಹೊರಗಿರಲಿ, ಗಾಳಿ ಒಳಗೆ ಬರಲಿ!"

ಸೊಪ್ಪು ಕೈಯಿಂದ ಜಾರಿತು. ಓಡಿ ಬಂದಾಗ ತ್ಯೆನ್‌ಲು ಆಗಲೇ ಬಾಗಿಲಲ್ಲಿ ನಿಂತಿದ್ದ, ಬಾಯಿ ಮುಚ್ಚಿಕೊಂಡು. ನೀಲಿ ಲಾರಿ ಬಂದು ನಿಂತಿತು. ಶಸ್ತ್ರಚಿಕಿತ್ಸೆಯಾದ ಮರುತಿಂಗಳು ಅದನ್ನು ಧ್ವನಿವರ್ಧಕದ ಸಮೇತ ಕ್ವಾನ್‌ಶೀಯ ಲ್ಯಾವ್ ವೆನ್‌ಹೂ ಎಂಬವನಿಗೆ ಮಾರಿದ್ದರು. ವೆನ್‌ಹೂ ಗಾಬರಿಯಿಂದ ಕೆಳಗಿಳಿದ.

"ತಪ್ಪಾಯ್ತು ಅಕ್ಕ. ಈ ಬೀದಿಗೆ ಬರಬಾರ್ದು ಅಂತಲೇ ಇದ್ದೆ. ಆ ಕೊನೇ ಮನೆ ಅಜ್ಜಿ ಫೋನ್ ಮಾಡಿ ಬಾರೋ ಅಂದ್ಲು, ಇದನ್ನ ಆಫ್ ಮಾಡೋದು ಮರೆತೆ."

"ಇದನ್ನೇ ಹಾಕ್ತಿದೀಯಾ ಇನ್ನೂ?"

"ಮತ್ತೇನ್ ಮಾಡ್ಲಿ? ಒಂದು ವಾರ ನಾನೇ ಕೂಗಿ ನೋಡ್ದೆ. ನಾಯಿ ಬಿಟ್ರೆ ಯಾರೂ ಬರ್ಲಿಲ್ಲ. ಅಣ್ಣನ ದನಿ ಹಾಕಿದ್ರೆ ಅಜ್ಜಿಯರು ಜಗಳಕ್ಕೆ ಬರ್ತಾರೆ, ಬಂದೋರು ಜಾಲರಿ ಹಾಕಿಸ್ಕೊಳ್ತಾರೆ." ಆಮೇಲೆ ತ್ಯೆನ್‌ಲುವಿನ ಕಡೆ ತಿರುಗಿ, "ಬಾಡಿಗೆ ಕೇಳ್ಬೇಡ ಅಣ್ಣ," ಎಂದ.

ತ್ಯೆನ್‌ಲುವಿನ ಭುಜ ಕುಲುಕಿತು. ನಗುವಾಗ ಈಗ ಆತನಿಂದ ಗಾಳಿಯ ಸದ್ದಷ್ಟೇ ಬರುತ್ತದೆ. ಹಲಗೆಯ ಮೇಲೆ ಬರೆದ: "ಚೌಕಾಸಿ ಇಲ್ಲ."

ಧ್ವನಿವರ್ಧಕದಲ್ಲಿದ್ದ ಪೆನ್‌ಡ್ರೈವ್ 2012ರಲ್ಲಿ ಸಂತೆಯಲ್ಲಿ ಕೊಂಡದ್ದು. ಬಿಸಿಲಿಗೆ ಬಣ್ಣ ಕಳೆದುಕೊಂಡು, ಅಂಟುಪಟ್ಟಿ ಸುತ್ತಿಸಿಕೊಂಡಿತ್ತು. ಹತ್ತು ವರ್ಷ ಲಾರಿಯ ಕುಲುಕಾಟ ಸಹಿಸಿಯೂ ಅದು ಒಂದಕ್ಷರ ಮರೆತಿರಲಿಲ್ಲ. ಅದರಲ್ಲಿದ್ದುದು ಇಪ್ಪತ್ತಮೂರು ಸೆಕೆಂಡು. ಈ ಸಲ ಚಿನ್‌ಮೇ ಅಂಗಡಿಗೆ ಹೋಗಿ ಮೂರು ಹೊಸ ಪೆನ್‌ಡ್ರೈವ್ ಕೊಂಡಳು, ಮೂರೂ ಬೇರೆ ಬೇರೆ ತಯಾರಕರವು. ಮೊದಲು ಪ್ರತಿಯೊಂದನ್ನೂ ಬೇಡದ ಕಡತಗಳಿಂದ ಪೂರ್ತಿ ತುಂಬಿ, ಮರಳಿ ಓದಿ, ಹೇಳಿದಷ್ಟು ಜಾಗ ನಿಜವಾಗಿಯೂ ಇದೆಯೇ ಎಂದು ನೋಡಿದಳು. ಆಮೇಲೆ ಖಾಲಿ ಮಾಡಿ, ಇಪ್ಪತ್ತಮೂರು ಸೆಕೆಂಡನ್ನು ಮೂರಕ್ಕೂ ಇಳಿಸಿದಳು. ಒಂದು ಮನೆಯಲ್ಲಿ, ಒಂದು ಹಿರಿಮಗಳ ಬಳಿ, ಒಂದು ಯೂಜ್ಯಾವ್‌ಳ ಬಳಿ. ಮೂರು ತಿಂಗಳಿಗೊಮ್ಮೆ ಮೂವರೂ ತೆರೆದು ಕೇಳಬೇಕೆಂದು ತಾಕೀತು. ತಾನು ಮೂವತ್ತು ವರ್ಷ ಊರಿಗೆ ಹೇಳಿದ್ದನ್ನು ಆಕೆ ಮೊದಲ ಸಲ ತನ್ನ ಮನೆಯಲ್ಲಿ ಮಾಡಿದಳು.

ಇಪ್ಪತ್ತಮೂರು ಸೆಕೆಂಡು ಸಾಲದೆಂದು ಆಸ್ಪತ್ರೆಯ ತು ಹೇಳಿದಳು. "ಇಷ್ಟರಲ್ಲಿ ಯಂತ್ರ ಕಲಿಯೋದು ಜಾಲರಿ ರಿಪೇರಿ ಒಂದೇ, ಚಿಕ್ಕಮ್ಮ. ಚಿಕ್ಕಪ್ಪ ಅನ್ನ ಬೇಕು ಅಂತ ಒತ್ತಿದ್ರೆ ಅದು ಏನು ಹೇಳುತ್ತೋ ಗೊತ್ತಿಲ್ಲ." ಆ ಕೂಗಿನಲ್ಲಿ ಚಿನ್‌ಮೇಯ ಹೆಸರಿಲ್ಲ. ಹಸಿವಾದಾಗ ಕರೆದದ್ದೂ ಇಲ್ಲ, ಸುಮ್ಮನೆ ಕರೆದದ್ದೂ ಇಲ್ಲ.

ಮೇ ತಿಂಗಳಲ್ಲಿ ಕಂಪನಿಗಳ ಕರೆಯೋಲೆಗಳು ಬಂದವು. ಅರವತ್ತೆರಡನ್ನು ಆಕೆ ಎಂದಿನಂತೆ ಸಂಗ್ರಹದ ಅಂಗಡಿಗೆ ಒಯ್ದಳು. ಅಂಗಡಿಯ ಹೆಂಗಸು ಎಣಿಸಿ, "ಮೂರನೇ ಬೀದಿದು ಮರೆತ್ರಾ ಅಕ್ಕ? ಈ ಸಲ ಕೊಡೆ, ಚೆನ್ನಾಗಿದೆ," ಎಂದಳು.

"ಅದನ್ನ ಕೊಡಲ್ಲ," ಎಂದಳು ಚಿನ್‌ಮೇ. "ಅಲ್ಲಿಗೆ ನಾನೇ ಹೋಗ್ತೀನಿ."

ಒಂದೇ ಷೇರಿದ್ದರೂ ಷೇರುದಾರಳು ಷೇರುದಾರಳೇ. ಸಭೆಯಲ್ಲಿ ಚೀಟಿ ಬರೆದುಕೊಟ್ಟು ಐದು ನಿಮಿಷ ಮಾತಾಡಬಹುದು. ಮೂವತ್ತು ವರ್ಷದಲ್ಲಿ ಆಕೆಗೆ ಗೊತ್ತಿದ್ದೂ ಬಳಸದ ಹಕ್ಕು ಅದು. ಜೂನ್ ತಿಂಗಳ ಮೊದಲ ಎರಡು ವಾರ ಗಂಡಹೆಂಡಿರು ಮೇಜಿನಲ್ಲಿ ಕುಳಿತು ಆ ಐದು ನಿಮಿಷ ಬರೆದರು. ಆಕೆ ಓದುವಳು, ಆತ ಕೈಗಡಿಯಾರ ನೋಡಿ, ಹೆಚ್ಚಾದದ್ದನ್ನು ಹೊಡೆದುಹಾಕುವನು. "ತಮ್ಮ ಅಮೂಲ್ಯ ಸಮಯ" ಎಂಬುದನ್ನು ಹೊಡೆದ. "ದಯವಿಟ್ಟು" ಎಂಬುದನ್ನು ನಾಲ್ಕು ಕಡೆ ಹೊಡೆದ. ಗಂಡನ ಗಂಟಲಿನ ಬಗ್ಗೆ ಆಕೆ ಬರೆದಿದ್ದ ಒಂದಿಡೀ ಪುಟವನ್ನು ಮೂರು ಸಾಲಿಗಿಳಿಸಿದ.

"ಇದು ನಿನ್ನ ವಿಷಯ ಕಣೋ," ಎಂದಳು ಆಕೆ.

ಆತ ಬರೆದ: "ನನ್ನ ವಿಷಯಕ್ಕೆ ಅಳ್ತಾರೆ. ಚುಕ್ಕೆ ವಿಷಯಕ್ಕೆ ಉತ್ತರ ಕೊಡ್ಬೇಕಾಗುತ್ತೆ."

ಯೂಜ್ಯಾವ್ ಕಡೆಯ ದಿನ ಬಂದು, ತಾನು ಉಳಿಸಿಕೊಂಡಿದ್ದ ಸಾಗಣೆಯ ಚೀಟಿಗಳ ಒಂಬತ್ತು ನಕಲುಗಳನ್ನು ಮೇಜಿನ ಮೇಲಿಟ್ಟಳು. ಒಂಬತ್ತರಲ್ಲೂ ನಾಲ್ಕು ಸಹಿಗಳಿದ್ದವು. "ನನ್ನ ಹೆಸರನ್ನೂ ಓದು," ಎಂದಳು. ಪಿಂಚಣಿಗೆ ಏನಾದರೂ ಆದೀತು ಎಂದು ಚಿನ್‌ಮೇ ಹೇಳಿದಳು. "ಆಗ್ಲಿ. ಸಾಬೂನು ಪುಕ್ಕಟೆ ಬರುತ್ತಲ್ಲ," ಎಂದಳು ಯೂಜ್ಯಾವ್.

2023ರ ಜೂನ್ 15, ಗುರುವಾರ, ಬೆಳಗ್ಗೆ ಒಂಬತ್ತು ಗಂಟೆಗೆ ಸಭೆ. ಬಾಗಿಲಲ್ಲಿ ಯಾರೋ ಚಿನ್‌ಮೇಯ ಕೈಗೆ ಕೊಡೆ ಕೊಡಲು ಬಂದರು, ಆಕೆ ತೆಗೆದುಕೊಳ್ಳಲಿಲ್ಲ. ಮೂರನೆಯ ಸಾಲಿನಲ್ಲಿ ತ್ಯೆನ್‌ಲು ಬಿಳಿಹಲಗೆ ಹಿಡಿದು ಕುಳಿತ, ಆತನ ಪಕ್ಕದಲ್ಲಿ ಯೂಜ್ಯಾವ್. ಹತ್ತು ಗಂಟೆ ಐದು ನಿಮಿಷಕ್ಕೆ ಆಕೆಯ ಸಂಖ್ಯೆ ಕರೆದರು. ಬಲಗಣ್ಣಿನ ನೀರು ಆಗಲೇ ಶುರುವಾಗಿತ್ತು. ಅದನ್ನು ಅಳು ಎಂದುಕೊಳ್ಳಬಾರದೆಂದು ಆಕೆ ಮೊದಲಿಗೆ ಹೇಳಿ, ಮೂರು ಸಾಲಿನಲ್ಲಿ ಗಂಡನ ಗಂಟಲಿನ ವಿಷಯ ಮುಗಿಸಿ, ಮುಂದಿನದನ್ನು ಓದಿದಳು:

"ಅಧ್ಯಕ್ಷರಿಗೂ ಗುಣಮಟ್ಟದ ಮುಖ್ಯಸ್ಥರಿಗೂ ನನ್ನ ಮಾತು. ಕಳೆದ ವರ್ಷ ನೀವು ಹಂಚಿದ ತಿಳಿನೀಲಿ ಪೆನ್‌ಡ್ರೈವಿನೊಳಗೆ ನನ್ನ ಕೈಯ ಕೆಂಪು ಗುರುತಿದೆ. ಆ ಗುರುತಿನ ಅರ್ಥ ಇದು ನೆನಪಿಡುವುದಿಲ್ಲ, ಪುಡಿ ಮಾಡಿ ಎಂದು. ಆ ಅರ್ಥವನ್ನು ನನಗೆ ಕಲಿಸಿದವರು ನೀವು. ಕೆಂಪು ಪೆಟ್ಟಿಗೆಗಳು ಎಲ್ಲಿಗೆ ಹೋದವೆಂಬುದಕ್ಕೆ ಒಂಬತ್ತು ಚೀಟಿಗಳು ಇಲ್ಲಿವೆ. ನಾಲ್ಕನೆಯ ಸಹಿ ಮಾಡಿದವಳು ಈ ಸಭೆಯಲ್ಲಿ ಕುಳಿತಿದ್ದಾಳೆ. ಮೊದಲ ಮೂರು ಸಹಿಗಳು ಯಾರವೆಂದು ನೀವು ಇಂದೇ, ಹೆಸರು ಹೇಳಿ, ನಡಾವಳಿಯಲ್ಲಿ ಬರೆಸಬೇಕು. ಆ ಪೆನ್‌ಡ್ರೈವನ್ನು ಪಡೆದ ಪ್ರತಿಯೊಬ್ಬ ಷೇರುದಾರನಿಗೂ ಈ ತಿಂಗಳ ಮೂವತ್ತರೊಳಗೆ, ಅದರಲ್ಲಿಟ್ಟದ್ದನ್ನು ಇವತ್ತೇ ಬೇರೆಡೆಗೆ ಇಳಿಸಿಕೊಳ್ಳಿ ಎಂದು ಕಾಗದ ಬರೆಯಬೇಕು. ಕೆಲವರದಾದರೂ ಇನ್ನೂ ಪೂರ್ತಿ ಸೋರಿರಲಿಕ್ಕಿಲ್ಲ. ನನ್ನ ಮನೆಯ ಆರು ಗಂಟೆ ನಲವತ್ತೆರಡು ನಿಮಿಷ ನಿಮ್ಮಿಂದ ಮರಳಿ ಬರುವುದಿಲ್ಲವೆಂದು ನನಗೆ ಗೊತ್ತು. ಅದಕ್ಕೆ ಬೆಲೆ ಕಟ್ಟಿ ಕೊಡಲು ಬರಬೇಡಿ, ಕೊಡೆಯನ್ನೂ ಕಳಿಸಬೇಡಿ. ಉಳಿದ ಕೆಂಪು ಪೆಟ್ಟಿಗೆಗಳನ್ನು ನನ್ನ ಕಣ್ಣೆದುರು, ಈ ಒಂದು ಕಣ್ಣು ಕಾಣುವಷ್ಟು ದಿನದೊಳಗೆ, ಪುಡಿ ಮಾಡಿ ತೋರಿಸಿ."